ಒಂದು ಗಿಫ್ಟ್, ಮೂರು ಮನೆ

ಜರ್ಮನಿಯ ಹಳೆಯ ಕಾಲದ ಔಷಧ ಅಂಗಡಿಗಳಲ್ಲಿ ಒಂದು ಬೀರುವಿಗೆ ಸದಾ ಬೀಗ. ಒಳಗೆ ಸಾಲಾಗಿ ಗಾಜಿನ ಸೀಸೆಗಳು, ಪಿಂಗಾಣಿ ಜಾಡಿಗಳು. ಒಂದರಲ್ಲಿ ಪಾಷಾಣ, ಇನ್ನೊಂದರಲ್ಲಿ ಪಾದರಸದ ಲವಣ. ಜಾಡಿಗೆ ಅಂಟಿಸಿದ ಚೀಟಿಯಲ್ಲಿ ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಇಟ್ಟ ಎರಡು ಮೂಳೆ, ಪಕ್ಕದಲ್ಲಿ ದಪ್ಪ ಅಕ್ಷರದ ಒಂದು ಪದ: ಗಿಫ್ಟ್.

ಬೀರುವಿನ ಹೆಸರೂ ಅದೇ, 'ಗಿಫ್ಟ್‌ಶ್ರಾಂಕ್'. ಜರ್ಮನ್ನರಿಗೆ ಇದರಲ್ಲಿ ನಗುವಂಥದ್ದೇನೂ ಇಲ್ಲ. ಅವರ ಭಾಷೆಯಲ್ಲಿ ಗಿಫ್ಟ್ ಎಂದರೆ ವಿಷ. ಕಣ್ಣಿಗೆ ರಾಚುವ ಗಿಳಿಹಸಿರನ್ನು ಅವರು 'ಗಿಫ್ಟ್‌ಗ್ರ್ಯೂನ್' ಎನ್ನುತ್ತಾರೆ. ಮಾತಿನಲ್ಲೇ ವಿಷ ಕಾರುವ ಕುಳ್ಳನೊಬ್ಬನನ್ನು ಬೈಯಲು 'ಗಿಫ್ಟ್‌ಟ್ಸ್ವೆರ್ಗ್' ಎಂಬ ಪದವಿದೆ. ಮಗು ಬಚ್ಚಲು ತೊಳೆಯುವ ದ್ರಾವಣ ಕುಡಿದುಬಿಟ್ಟಿತು ಎಂದು ಗಾಬರಿಯಾದ ತಾಯಿ ಬರ್ಲಿನ್ನಿನಲ್ಲೋ ಮ್ಯೂನಿಕ್ಕಿನಲ್ಲೋ ಫೋನ್ ಮಾಡುವ ಸಹಾಯವಾಣಿಯ ಹೆಸರು 'ಗಿಫ್ಟ್‌ನೋಟ್‌ರೂಫ್'. ಗ್ರಂಥಾಲಯಗಳಲ್ಲಿ ಎಲ್ಲರ ಕೈಗೆ ಕೊಡಲಾಗದ ಪುಸ್ತಕಗಳನ್ನು ಬೀಗ ಹಾಕಿಡುವ ಕಪಾಟಿಗೂ ಗಿಫ್ಟ್‌ಶ್ರಾಂಕ್ ಎನ್ನುವುದುಂಟು.

ಹುಟ್ಟುಹಬ್ಬಕ್ಕೆ ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ ಕೊಡುವ ಗಿಫ್ಟ್ ಮಾತ್ರ ಗೊತ್ತಿರುವ ಕನ್ನಡಿಗನಿಗೆ ಇದು ಕಾಕತಾಳೀಯ ಎನ್ನಿಸಬಹುದು. ಎರಡು ಭಾಷೆಗಳಲ್ಲಿ ಎರಡು ಬೇರೆ ಪದಗಳು ಹೇಗೋ ಒಂದೇ ರೂಪ ತಾಳಿವೆ ಎಂದುಕೊಳ್ಳಬಹುದು. ಹಾಗೇನಿಲ್ಲ. ಇಂಗ್ಲಿಷಿನ ಗಿಫ್ಟ್, ಜರ್ಮನ್ನಿನ ಗಿಫ್ಟ್ ಎರಡೂ ಒಡಹುಟ್ಟಿದವು. ಉತ್ತರಕ್ಕೆ ಸ್ವೀಡನ್ನಿಗೆ ಹೋದರೆ ಮೂರನೆಯ ಒಡಹುಟ್ಟು ಸಿಗುತ್ತದೆ. ಅಲ್ಲಿ ಗಿಫ್ಟ್ ಎಂದರೆ ವಿಷವೂ ಹೌದು, ಮದುವೆಯಾದವರು ಎಂದೂ ಹೌದು.

ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್, ಡೇನಿಷ್, ನಾರ್ವೇಜಿಯನ್, ಐಸ್‌ಲ್ಯಾಂಡಿಕ್ ಇವೆಲ್ಲ ಜರ್ಮ್ಯಾನಿಕ್ ಎಂಬ ಒಂದೇ ಕುಟುಂಬದ ಭಾಷೆಗಳು. ಇವುಗಳ ಮೂಲಭಾಷೆಯಲ್ಲಿ 'ಕೊಡು' ಎಂಬ ಧಾತುವಿಗೆ ತಕಾರದ ಪ್ರತ್ಯಯ ಹಚ್ಚಿ ನಾಮಪದ ಮಾಡಿಕೊಂಡರು. ಇಂಗ್ಲಿಷಿನಲ್ಲಿ ಡ್ರೈವ್‌ನಿಂದ ಡ್ರಿಫ್ಟ್, ಥ್ರೈವ್‌ನಿಂದ ಥ್ರಿಫ್ಟ್ ಆದ ಹಾಗೆ ಗಿವ್ ಜೊತೆಗೆ ಗಿಫ್ಟ್. ಕನ್ನಡದಲ್ಲಿ 'ಕೊಡು' ಎಂಬುದಕ್ಕೆ 'ಗೆ' ಸೇರಿಸಿ 'ಕೊಡುಗೆ' ಮಾಡಿಕೊಂಡದ್ದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ.

ಕೊಡುಗೆ ಎಂಬ ಪದ ಕೊಟ್ಟದ್ದನ್ನು ಹೇಳುತ್ತದೆ, ಏನು ಕೊಟ್ಟರು ಎಂಬುದನ್ನು ಹೇಳುವುದಿಲ್ಲ. ಕನ್ನಡ ಶಾಸನಗಳಲ್ಲಿ ಹಾಗಾಗಿಯೇ ಮುಂದೊಂದು ಪದ ಅಂಟಿಸಬೇಕಾಗುತ್ತಿತ್ತು. ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ 'ನೆತ್ತರುಗೊಡಗೆ'. ಕೆರೆ ಕಟ್ಟಿಸಿದವನಿಗೆ ಕೊಟ್ಟದ್ದು 'ಕಟ್ಟುಗೊಡಗೆ'. ಯುರೋಪಿನ ಗಿಫ್ಟ್‌ಗೆ ಇಂಥ ಮುಂಪದವಿರಲಿಲ್ಲ. ಖಾಲಿ ಬಿಟ್ಟ ಆ ಜಾಗವನ್ನು ಒಬ್ಬೊಬ್ಬರು ಒಂದೊಂದು ವಸ್ತುವಿನಿಂದ ತುಂಬಿಕೊಂಡರು.

ಜರ್ಮನ್ನರು ತುಂಬಿದ್ದು ಔಷಧವನ್ನು. ಅದಕ್ಕೆ ದಾರಿ ತೋರಿಸಿದ್ದು ಗ್ರೀಕರು. ರೋಗಿಗೆ ಒಂದು ಸಲಕ್ಕೆ ಕೊಡುವ ಮದ್ದಿನ ಪ್ರಮಾಣವನ್ನು ಗ್ರೀಕ್ ವೈದ್ಯರು 'ಡೋಸಿಸ್' ಎನ್ನುತ್ತಿದ್ದರು. ಗ್ರೀಕಿನಲ್ಲಿ ಡೋಸಿಸ್ ಎಂದರೆ ಕೊಡುವಿಕೆ, ಅಷ್ಟೇ. ಸಂಸ್ಕೃತದ 'ದಾನ'ವೂ ಅದೇ ಧಾತುವಿನಿಂದ ಬಂದದ್ದು. 2021ರಲ್ಲಿ ಹಳ್ಳಿಹಳ್ಳಿಯಲ್ಲೂ ಜನ 'ಮೊದಲ ಡೋಸ್ ಆಯ್ತಾ, ಎರಡನೇದು ಯಾವಾಗ' ಎಂದು ಕೇಳಿಕೊಳ್ಳುತ್ತಿದ್ದಾಗ ಅವರ ಬಾಯಲ್ಲಿ ಇದ್ದದ್ದು ದಾನದ ದೂರದ ದಾಯಾದಿ.

ಗ್ರೀಕಿನ ಡೋಸಿಸ್ ಲ್ಯಾಟಿನ್ನಿಗೆ ಬಂತು. ಲ್ಯಾಟಿನ್ ವೈದ್ಯಗ್ರಂಥಗಳನ್ನು ಓದಿ ಜರ್ಮನ್ನಿನಲ್ಲಿ ವಿವರಿಸಬೇಕಾದವರು ಅದಕ್ಕೆ ಸಮನಾದ ತಮ್ಮ ಪದ ಹುಡುಕಿದರು. ಕೊಡುವಿಕೆ ಎಂದರೆ ಗಿಫ್ಟ್ ತಾನೆ? ಹಾಗೆ ಗಿಫ್ಟ್ ಎಂದರೆ ಕೊಟ್ಟ ಮದ್ದು ಎಂದಾಯಿತು, ಆಮೇಲೆ ಕೊಟ್ಟು ಸಾಯಿಸಿದ ಮದ್ದು ಎಂದಾಯಿತು. ಪದಮೂಲ ಶೋಧಿಸುವವರಲ್ಲಿ ಹೆಚ್ಚಿನವರು ಒಪ್ಪುವ ಕಥೆ ಇದು. ಎರಡರ್ಥವೂ ಬಹುಕಾಲ ಒಟ್ಟಿಗೆ ಬಾಳಿದವು. ಕೊಡುಗೆಯ ಅರ್ಥದ್ದು ಸ್ತ್ರೀಲಿಂಗ, 'ಡೀ ಗಿಫ್ಟ್'. ವಿಷದ ಅರ್ಥದ್ದು ಕೊನೆಗೆ ನಪುಂಸಕಲಿಂಗದಲ್ಲಿ ನೆಲೆ ನಿಂತಿತು, 'ಡಾಸ್ ಗಿಫ್ಟ್'. ವಿಷ ಬಲವಾದಂತೆ ಕೊಡುಗೆ ಹಿಂದೆ ಸರಿಯಿತು. ಇಂದು ಅದು ಒಂದೇ ಒಂದು ಪದದಲ್ಲಿ ಉಸಿರು ಹಿಡಿದಿದೆ: 'ಮಿಟ್‌ಗಿಫ್ಟ್', ಮದುವಣಗಿತ್ತಿಯ ಜೊತೆಗೆ ಕೊಟ್ಟು ಕಳಿಸುವುದು. ಎಂದರೆ ವರದಕ್ಷಿಣೆ. ಜರ್ಮನ್ ಅರೆಬರೆ ಗೊತ್ತಿರುವವರು ಕೇಳಿದರೆ 'ಜೊತೆಯ ವಿಷ' ಎಂದು ಅರ್ಥ ಮಾಡಿಕೊಂಡಾರು. ವರದಕ್ಷಿಣೆಯ ವಿಷಯದಲ್ಲಿ ಅದು ಅಂಥ ದೊಡ್ಡ ತಪ್ಪೂ ಆಗಲಾರದು.

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಪ್ಯಾರಾಸೆಲ್ಸಸ್ ಎಂಬ ವೈದ್ಯನನ್ನು ಇಲ್ಲಿ ನೆನೆಯಲೇಬೇಕು. ಜಗಳಗಂಟ ಮನುಷ್ಯ. 1527ರಲ್ಲಿ ಬಾಸೆಲ್ ನಗರದ ವೈದ್ಯನಾಗಿದ್ದಾಗ ಲ್ಯಾಟಿನ್ ಬಿಟ್ಟು ಜನರ ಜರ್ಮನ್ನಿನಲ್ಲಿ ಪಾಠ ಹೇಳಿ ಪಂಡಿತರ ಕಣ್ಣು ಕೆಂಪಗಾಗಿಸಿದವನು. ಪಾದರಸದಂಥ ವಿಷಗಳನ್ನು ರೋಗಿಗಳಿಗೆ ಕೊಡುತ್ತಾನೆ ಎಂಬ ಆಪಾದನೆಗೆ ಅವನು 1538ರಲ್ಲಿ ಉತ್ತರ ಬರೆದ. ಲೋಕದಲ್ಲಿರುವುದೆಲ್ಲ ವಿಷವೇ, ಎಷ್ಟು ಕೊಡುತ್ತೀರಿ ಎಂಬುದಷ್ಟೇ ಅದು ವಿಷ ಹೌದೋ ಅಲ್ಲವೋ ಎಂದು ತೀರ್ಮಾನಿಸುತ್ತದೆ ಎಂಬುದು ಅವನ ವಾದ. ವಿಷವಿಜ್ಞಾನ ಓದುವವರಿಗೆ ಇಂದಿಗೂ ಮೊದಲ ದಿನವೇ ಹೇಳಿಕೊಡುವ ಮಾತು ಇದು. ಅವನು ಅದನ್ನು ಹೇಳಿದ್ದು ಗಿಫ್ಟ್, ಡೋಸಿಸ್ ಎಂಬ ಎರಡು ಪದಗಳನ್ನು ಎದುರುಬದುರು ನಿಲ್ಲಿಸಿ. ಒಂದು ಜರ್ಮನ್, ಇನ್ನೊಂದು ಗ್ರೀಕ್, ಎರಡಕ್ಕೂ ಹುಟ್ಟರ್ಥ ಕೊಡುವಿಕೆ.

ವಿಷವನ್ನು ವಿಷ ಎನ್ನಲು ಜನ ಎಲ್ಲೆಡೆಯೂ ಹಿಂಜರಿದಿದ್ದಾರೆ. ಹಾವನ್ನು 'ಹುಳು' ಎನ್ನುವ ಹಾಗೆ ಒಂದು ಮೆತ್ತನೆಯ ಪದದ ಹಿಂದೆ ಅವಿತುಕೊಂಡಿದ್ದಾರೆ. ಫ್ರೆಂಚಿನ 'ಪ್ವಾಜೋ' ಇಂಗ್ಲಿಷಿನಲ್ಲಿ 'ಪಾಯ್ಸನ್' ಆಯಿತು. ಅದರ ಮೂಲ ಲ್ಯಾಟಿನ್ನಿನ 'ಪೋಟಿಯೊ', ಎಂದರೆ ಬರೀ ಕುಡಿಯುವ ಪದಾರ್ಥ. ಸಂಸ್ಕೃತದ 'ಪಾನ' ಅದೇ ವಂಶದ್ದು. ಲ್ಯಾಟಿನ್ನಿನ 'ವೆನೇನುಮ್' ಇಂಗ್ಲಿಷಿನ 'ವೆನಮ್' ಆಗುವ ಮೊದಲು ಒಲಿಸಿಕೊಳ್ಳಲು ಕುಡಿಸುವ ಮದ್ದಾಗಿತ್ತು, ಪ್ರೇಮದೇವತೆ ವೀನಸ್ ಹೆಸರಿನೊಂದಿಗೆ ಅದಕ್ಕೆ ನಂಟು ಎಂದು ಭಾಷಾಶಾಸ್ತ್ರಜ್ಞರ ಎಣಿಕೆ. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸಿನ ಸೆರೆಮನೆಯಲ್ಲಿ ಸಾಕ್ರಟಿಸ್ ಕುಡಿದದ್ದನ್ನು ಪ್ಲೇಟೊ 'ಫಾರ್ಮಕಾನ್' ಎಂದು ಕರೆದಿದ್ದಾನೆ. ಈಗ ಔಷಧ ಅಂಗಡಿಗಳ ಮೇಲೆ ಬರೆಯುವ 'ಫಾರ್ಮಸಿ'ಯ ಮೂಲ ಅದೇ ಪದ.

ಕನ್ನಡಿಗರು ಇದನ್ನು ಕೇಳಿ ಬೆರಗಾಗಬೇಕಿಲ್ಲ. ಕರಾವಳಿ, ಮಲೆನಾಡಿನ ಕಡೆ 'ಮದ್ದು ಕುಡಿದೆಯಾ' ಎಂದರೆ ಕಕ್ಕುಲಾತಿ. 'ಮದ್ದು ಹಾಕಿದ್ದಾರೆ' ಎಂದರೆ ಎದೆ ಧಸಕ್ಕೆನ್ನುತ್ತದೆ. ಯಾರೋ ಆಗದವರು ಊಟದಲ್ಲಿ ಬೆರೆಸಿ ಕೊಟ್ಟರೆಂದು ನಂಬುವ 'ಕೈಮದ್ದು', ಅದನ್ನು ಕಕ್ಕಿಸುವವರು, ಕಕ್ಕಿಸಲು ಹೋದವರ ಕಥೆಗಳು ಅಲ್ಲಿ ಇಂದಿಗೂ ಬತ್ತಿಲ್ಲ. ಬಂದೂಕಿಗೆ ತುಂಬುವುದೂ ಮದ್ದೇ.

ಜರ್ಮನ್ನರು ಗಿಫ್ಟ್ ಅನ್ನು ವಿಷಕ್ಕೆ ಬಿಟ್ಟುಕೊಟ್ಟ ಮೇಲೆ ಉಡುಗೊರೆಗೆ ಬೇರೆ ಪದ ಬೇಕಾಯಿತು. ಅದು 'ಗೆಶೆಂಕ್'. ಅದು ಬಂದದ್ದು 'ಶೆಂಕೆನ್' ಎಂಬ ಕ್ರಿಯಾಪದದಿಂದ, ಅದರ ಮೊದಲ ಅರ್ಥ ಬಟ್ಟಲಿಗೆ ಸುರಿದು ಕುಡಿಯಲು ಕೊಡುವುದು. ಡಚ್ಚಿನಲ್ಲಿ ಇಂದಿಗೂ ಅದೇ ಕ್ರಿಯಾಪದಕ್ಕೆ ಕಾಫಿ ಬಗ್ಗಿಸು, ಉಡುಗೊರೆ ಕೊಡು ಎಂಬ ಎರಡೂ ಅರ್ಥ. ಫ್ರೆಂಚರ ವಿಷ ಕುಡಿಯುವುದರಿಂದ ಹುಟ್ಟಿತು, ಜರ್ಮನ್ನರ ವಿಷ ಕೊಡುವುದರಿಂದ ಹುಟ್ಟಿತು, ಜರ್ಮನ್ನರ ಉಡುಗೊರೆಯೋ ಕುಡಿಸುವುದರಿಂದ.

ಈ ಗೋಜಲು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್‌ನ ಕಣ್ಣಿಗೆ ಬಿತ್ತು. ಅವನು 1924ರಲ್ಲಿ ಒಂದು ಪುಟ್ಟ ಲೇಖನ ಬರೆದು ಅದಕ್ಕೆ 'ಗಿಫ್ಟ್, ಗಿಫ್ಟ್' ಎಂದೇ ಹೆಸರಿಟ್ಟ. ಡೋಸಿಸ್ ಕಥೆ ಅವನಿಗೆ ಸಮಾಧಾನ ತರಲಿಲ್ಲ. ಪಂಡಿತರ ಪದವೊಂದು ಇಳಿದುಬಂದು ಜನಸಾಮಾನ್ಯರ ನಿತ್ಯದ ವಸ್ತುವಿಗೆ ಅಂಟಿಕೊಳ್ಳುವುದು ಅಪರೂಪ ಎಂಬುದು ಅವನ ತಕರಾರು. ಹಳೆಯ ಜರ್ಮ್ಯಾನಿಕ್ ಜನರಲ್ಲಿ ಮುಖ್ಯವಾದ ಕೊಡುಗೆಯೇ ಒಟ್ಟಿಗೆ ಕುಳಿತು ಕುಡಿಯುವ ಪೇಯ. ಕೊಟ್ಟವನ ಮನಸ್ಸಿನಲ್ಲಿ ಏನಿದೆ ಎಂದು ಬಟ್ಟಲು ಹಿಡಿದವನಿಗೆ ಗೊತ್ತಿಲ್ಲ. ವಿಷವಿಲ್ಲದಿದ್ದರೂ ತೆಗೆದುಕೊಂಡವನು ಋಣಕ್ಕೆ ಬಿದ್ದ. ತಿರುಗಿ ಕೊಡಲೇಬೇಕು. ಕೊಡುಗೆಯ ಒಳಗೇ ಅಪಾಯವಿತ್ತು, ಪದ ಅದನ್ನು ಒಪ್ಪಿಕೊಂಡಿತು ಎಂಬುದು ಅವನ ವಾದ. ಇದರ ಬೆನ್ನಿಗೇ ಬಂದ ಅವನ ದೊಡ್ಡ ಪ್ರಬಂಧ, ಕೊಡುಗೆಯನ್ನು ಕುರಿತದ್ದು, ಮಾನವಶಾಸ್ತ್ರದ ಮೂಲಗ್ರಂಥಗಳಲ್ಲಿ ಒಂದಾಯಿತು.

ಪದಮೂಲದ ಲೆಕ್ಕದಲ್ಲಿ ಮೋಸ್ ಸೋತಿರಬಹುದು. ಆದರೆ ಅವನಿಗೆ 'ಮುಯ್ಯಿ' ಎಂಬ ಕನ್ನಡ ಪದ ಗೊತ್ತಿದ್ದರೆ ಒಂದು ಒಳ್ಳೆಯ ಸಾಕ್ಷಿ ಸಿಗುತ್ತಿತ್ತು. ಹಳ್ಳಿಯ ಮದುವೆಯಲ್ಲಿ ಧಾರೆ ಮುಗಿದ ಮೇಲೆ ಒಬ್ಬರು ನೋಟ್‌ಬುಕ್ ಬಿಡಿಸಿ ಕೂರುತ್ತಾರೆ. ಇಂಥವರಿಂದ ನೂರಾ ಒಂದು, ಇಂಥವರಿಂದ ಐನೂರು, ಇಂಥವರಿಂದ ಒಂದು ಸ್ಟೀಲಿನ ಕೊಡ ಎಂದು ಬರೆದುಕೊಳ್ಳುತ್ತಾರೆ. ಆ ಪುಸ್ತಕ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿರುತ್ತದೆ. ಅವರ ಮನೆಯ ಮದುವೆ ಬಂದಾಗ ತೆಗೆದು ನೋಡಿ ಅಷ್ಟನ್ನೋ ಒಂದಿಷ್ಟು ಮೇಲೆಯೋ ಬರೆಸುತ್ತಾರೆ. ಅದು ಮುಯ್ಯಿ. ಹೊಡೆದವನಿಗೆ ತಿರುಗಿ ಹೊಡೆದು ಸೇಡು ತೀರಿಸಿಕೊಳ್ಳುವುದಕ್ಕೂ 'ಮುಯ್ಯಿ ತೀರಿಸುವುದು' ಎನ್ನುತ್ತಾರೆ.

ಇನ್ನು ಉತ್ತರದ ಕಡೆ. ವಿಷಕ್ಕೆ ಸ್ಕ್ಯಾಂಡಿನೇವಿಯನ್ನರಲ್ಲಿ ಅವರದೇ ಪದವಿತ್ತು, 'ಎಯ್ಟರ್'. ಐಸ್‌ಲ್ಯಾಂಡಿನಲ್ಲಿ ಅದು 'ಎಯ್ಟುರ್' ಆಗಿ ಉಳಿದಿದೆ. ಡೇನಿಷ್‌ನಲ್ಲಿ ಜೇಡಕ್ಕೆ ಹೇಳುವ 'ಎಡ್ಡರ್‌ಕೋಪ್' ಎಂಬ ಪದದ ಮೊದಲ ಭಾಗ ಅದೇ. ಮಧ್ಯಯುಗದಲ್ಲಿ ಲ್ಯೂಬೆಕ್ ಮೊದಲಾದ ಉತ್ತರ ಜರ್ಮನಿಯ ಬಂದರುಗಳ ವರ್ತಕರು ಹಾನ್ಸಾ ಎಂಬ ಕೂಟ ಕಟ್ಟಿಕೊಂಡು ಬಾಲ್ಟಿಕ್ ಸಮುದ್ರದ ವ್ಯಾಪಾರವನ್ನೆಲ್ಲ ಹಿಡಿದಿದ್ದರು. ಬರ್ಗೆನ್, ವಿಸ್ಬಿ, ಸ್ಟಾಕ್‌ಹೋಮ್ ಎಲ್ಲೆಡೆ ಅವರ ಮಳಿಗೆ, ಅವರ ಮಾತು. ಉಪ್ಪು, ಬಟ್ಟೆಗಳ ಜೊತೆಗೆ ನೂರಾರು ಪದಗಳೂ ಹಡಗಿನಿಂದ ಇಳಿದವು. ವಿಷದ ಅರ್ಥದ ಗಿಫ್ಟ್ ಹಾಗೆ ಇಳಿದದ್ದು.

ಇಳಿದಾಗ ಆ ಹೆಸರಿನವರು ಮನೆಯಲ್ಲಿ ಮೊದಲೇ ಇದ್ದರು.

ಸ್ಕ್ಯಾಂಡಿನೇವಿಯನ್ನರ ಹಳೆಯ ಭಾಷೆಯಲ್ಲಿ 'ಗಿಪ್ಟಾ' ಎಂದರೆ ಕೊಡುವುದು, ಅದರಲ್ಲೂ ಹೆಣ್ಣು ಕೊಡುವುದು. ಹಾಗೆ ಕೊಟ್ಟ ಹೆಣ್ಣು 'ಗಿಫ್ಟ್'. ಬೇರೆ ಭಾಷೆಯವರಿಗೆ ಇದನ್ನು ಅರ್ಥ ಮಾಡಿಸಲು ಒಂದು ಪುಟ ಬೇಕು. ಕನ್ನಡದಲ್ಲಿ 'ದೊಡ್ಡ ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ', 'ಶಿವಮೊಗ್ಗಕ್ಕೆ ಕೊಟ್ಟಿದ್ದೇವೆ' ಎಂಬ ಎರಡು ಮಾತು ಸಾಕು. ಮದುವೆ ಎಂಬ ಪದ ಎಲ್ಲೂ ಬರಲಿಲ್ಲ, ಯಾರಿಗೂ ಅನುಮಾನವೂ ಬರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯಲ್ಲೂ ಅದೇ ಕೊಡುವಿಕೆ.

ಸ್ವೀಡನ್ನಿನಲ್ಲಿ ಹೆಣ್ಣನ್ನು ಹಾಗೆ ಕೊಡುವ ಅಧಿಕಾರ ಇದ್ದವನಿಗೆ ಕಾನೂನಿನಲ್ಲೇ ಒಂದು ಹೆಸರಿತ್ತು, 'ಯಿಫ್ಟೂಮಾನ್'. ಅಲ್ಲಿ ಇಕಾರದ ಹಿಂದಿನ ಗಕಾರ ಯಕಾರದಂತೆ ಕೇಳುತ್ತದೆ, ಹಾಗಾಗಿ ಗಿಫ್ಟ್ ಎಂದು ಬರೆದು 'ಯಿಫ್ಟ್' ಎನ್ನುತ್ತಾರೆ. ಸಾಮಾನ್ಯವಾಗಿ ಹುಡುಗಿಯ ತಂದೆಯೇ ಯಿಫ್ಟೂಮಾನ್. ಆ ಅಧಿಕಾರ ಕಾಲಕ್ರಮದಲ್ಲಿ ಸವೆದು ಹೋಯಿತು, ಪದ ಮಾತ್ರ ನಿಂತಿತು. ಈಗ ಗಂಡಸೂ ಯಿಫ್ಟ್, ಹೆಂಗಸೂ ಯಿಫ್ಟ್, ಯಾರನ್ನೂ ಯಾರೂ ಕೊಡುವುದಿಲ್ಲ. ಮದುವೆಯಾಗದವರು 'ಊಯಿಫ್ಟ್'. ವಿಚ್ಛೇದನವಾದಾಗ ಗಂಡ ಹೆಂಡಿರ ನಡುವೆ ಪಾಲಾಗುವ ಆಸ್ತಿಗೆ ಇಂದಿನ ಸ್ವೀಡಿಷ್ ಕಾನೂನು ಹೇಳುವ ಹೆಸರಿನಲ್ಲೂ ಗಿಫ್ಟ್ ಸೇರಿಕೊಂಡಿದೆ.

ಒಂದೇ ಕಾಗುಣಿತ, ಒಂದೇ ಉಚ್ಚಾರ, ಮದುವೆ ಮತ್ತು ವಿಷ. ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಈ ಕುರಿತು ಎಷ್ಟು ಹಾಸ್ಯ ಸವೆದಿರಬಹುದೋ ಊಹಿಸಿಕೊಳ್ಳಬಹುದು. ನಾಟಕಕಾರ ಆಗಸ್ಟ್ ಸ್ಟ್ರಿಂಡ್‌ಬರ್ಗ್ 1884ರಲ್ಲಿ ದಾಂಪತ್ಯದ ಕಥೆಗಳ ಸಂಕಲನ ತಂದು ಅದಕ್ಕೆ 'ಯಿಫ್ಟಾಸ್', ಎಂದರೆ 'ಮದುವೆಯಾಗುವುದು', ಎಂದು ಹೆಸರಿಟ್ಟ. ಹೆಸರು ಕೇಳಿದವರ ಕಿವಿಗೆ ಇನ್ನೊಂದು ಅರ್ಥ ತಾಕದೆ ಇರಲಾರದು. ಆದರೆ ಅವನನ್ನು ನ್ಯಾಯಾಲಯಕ್ಕೆ ಎಳೆದದ್ದು ಮದುವೆಯ ಕಾರಣಕ್ಕಲ್ಲ, ಪುಸ್ತಕದಲ್ಲಿ ಧರ್ಮನಿಂದೆ ಇದೆ ಎಂಬ ಕಾರಣಕ್ಕೆ. ಅದೇ ವರ್ಷ ಖುಲಾಸೆಯೂ ಆಯಿತು.

ಹಾಗಾದರೆ ಮೂಲ ಅರ್ಥವನ್ನು ಚಾಚೂ ತಪ್ಪದೆ ಉಳಿಸಿಕೊಂಡವರು ಇಂಗ್ಲಿಷರು ಎಂದಾಯಿತೆ? ಅಲ್ಲೂ ತಿರುವಿದೆ. ಇಂಗ್ಲೆಂಡಿನಲ್ಲಿ ಈಗ ಬಳಕೆಯಲ್ಲಿರುವ ಗಿಫ್ಟ್ ಅಲ್ಲಿಯದಲ್ಲ. ಹಳೆಯ ಇಂಗ್ಲಿಷಿನ ಗಿಫ್ಟ್‌ಗೆ ಕನ್ಯಾಶುಲ್ಕ ಎಂಬ ಅರ್ಥವಿತ್ತು, ಅದರ ಬಹುವಚನಕ್ಕೆ ಮದುವೆ ಎಂದು ಅರ್ಥ. ಉಚ್ಚಾರವೂ ಯಕಾರದ್ದು. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ಕೂಡ ಯಕಾರದಿಂದಲೇ 'ಯಿಫ್ಟ್' ಎಂದು ಬರೆದಿದ್ದಾನೆ. ಗಟ್ಟಿ ಗಕಾರದ ಗಿಫ್ಟ್ ತಂದವರು ವೈಕಿಂಗರು. ಲೂಟಿಗೆ ಬಂದು, ಆಮೇಲೆ ಅಲ್ಲೇ ಹೊಲ ಹಿಡಿದು ನಿಂತ ಈ ಜನ ಸ್ಕೈ, ವಿಂಡೊ, ನೈಫ್, ಹಸ್ಬೆಂಡ್‌ನಂಥ ಪದಗಳನ್ನೂ ಇಂಗ್ಲಿಷಿಗೆ ಬಿಟ್ಟು ಹೋದರು. 'ಅವರು' ಎನ್ನುವ 'ದೇ' ಕೂಡ ಅವರದೇ.

ಗಕಾರ ಯಕಾರಗಳ ಈ ಜಗ್ಗಾಟಕ್ಕೆ ಸೊಗಸಾದ ಸಾಕ್ಷಿಯೊಂದನ್ನು ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಮುನ್ನುಡಿಯಲ್ಲಿ ಹೇಳಿದ್ದಾನೆ. ಥೇಮ್ಸ್ ನದಿಯಿಂದ ಹೊರಟ ಹಡಗು ಗಾಳಿ ಸಿಗದೆ ಕೆಂಟ್ ತೀರದಲ್ಲಿ ನಿಂತಿತು. ವರ್ತಕನೊಬ್ಬ ದಡಕ್ಕಿಳಿದು ಒಂದು ಮನೆಯಲ್ಲಿ ಮೊಟ್ಟೆ ಕೇಳಿದ. ಅವನು ಬಳಸಿದ್ದು ವೈಕಿಂಗರಿಂದ ಬಂದ 'ಎಗ್ಸ್'. ಮನೆಯೊಡತಿ ತನಗೆ ಫ್ರೆಂಚ್ ಬರುವುದಿಲ್ಲ ಎಂದಳು. ಅವನಿಗೆ ಸಿಟ್ಟು ಬಂತು, ಫ್ರೆಂಚ್ ಅವನಿಗೂ ಬರುತ್ತಿರಲಿಲ್ಲ. ಕೊನೆಗೆ ಇನ್ನೊಬ್ಬ 'ಐರೆನ್' ಎಂಬ ದಕ್ಷಿಣದ ಹಳೆಯ ಪದ ಹೇಳಿದಾಗ ಆಕೆಗೆ ತಿಳಿಯಿತು. ಆ ಪೈಪೋಟಿಯಲ್ಲಿ ಎಗ್ ಗೆದ್ದಿತು, ಅದರ ಪಕ್ಕದಲ್ಲೇ ಗಿಫ್ಟ್ ಕೂಡ.

ಡಚ್ಚರು ಎರಡನ್ನೂ ಮನೆಯಲ್ಲೇ ಇಟ್ಟುಕೊಂಡರು. ಅವರಲ್ಲಿ 'ಗಿಫ್ಟ್' ದೇಣಿಗೆ, ತೆರಿಗೆ ವಿನಾಯಿತಿಗೆ ತೋರಿಸುವ ದತ್ತಿಗೂ ಅದೇ ಪದ. ತಕಾರ ಉದುರಿದ 'ಗಿಫ್' ವಿಷ. ಗೊಂದಲ ತೀರಿತು ಎನ್ನುವಷ್ಟರಲ್ಲಿ ಅವರ 'ಗಿಫ್ಟಿಗ್' ಎಂಬ ವಿಶೇಷಣ ಎದುರಾಗುತ್ತದೆ. ಅದರಲ್ಲಿ ತಕಾರ ಇದೆ, ಅರ್ಥ ಮಾತ್ರ ವಿಷಪೂರಿತ. ಐಸ್‌ಲ್ಯಾಂಡಿನಲ್ಲಿ 'ಗಿಫ್ತಾ' ಅದೃಷ್ಟ, ದೇವರು ಕೊಟ್ಟದ್ದು ಎಂಬ ಭಾವದಲ್ಲಿ. ಕುಟುಂಬಕ್ಕೇ ಸೇರದ ಎಸ್ಟೋನಿಯನ್ ಭಾಷೆಗೂ ಹಾನ್ಸಾ ಕಾಲದ ಜರ್ಮನ್ನಿನಿಂದ ವಿಷ ಇಳಿದು 'ಕಿಹ್ವ್ತ್' ಆಯಿತು. ಈಗ ಅಲ್ಲಿ ಬಾಯಿಮಾತಿನಲ್ಲಿ ಏನಾದರೂ ಬೊಂಬಾಟ್ ಎನಿಸಿದರೆ 'ಕಿಹ್ವ್ತ್' ಎನ್ನುತ್ತಾರೆ.

ಹೀಗೆ ರೂಪ ಒಂದೇ ಇದ್ದು ಅರ್ಥದಲ್ಲಿ ಕೈಕೊಡುವ ಪದಗಳನ್ನು 1928ರಲ್ಲಿ ಇಬ್ಬರು ಫ್ರೆಂಚ್ ಪ್ರಾಧ್ಯಾಪಕರು 'ಸುಳ್ಳು ಸ್ನೇಹಿತರು' ಎಂದು ಕರೆದರು, ಆ ಹೆಸರೇ ನಿಂತಿತು. ಭಾರತದಲ್ಲಿ ಅವರಿಗೆ ಬರವಿಲ್ಲ. ಕನ್ನಡದ 'ಉಪನ್ಯಾಸ' ಕೇಳಲು ಕೂತ ಹಿಂದಿಯವನು ಕಾದಂಬರಿ ಓದುತ್ತಾರೆಂದು ಕಾಯುತ್ತಾನೆ. 'ಸಂಸಾರ' ಹಿಂದಿಯವರಿಗೆ ಇಡೀ ಜಗತ್ತು, ಕನ್ನಡಿಗರಿಗೆ ಹೆಂಡತಿ ಮಕ್ಕಳು, ಮಲಯಾಳಿಗಳಿಗೆ ಬರೀ ಮಾತುಕತೆ. ಸುಳ್ಳು ಎಂಬ ವಿಶೇಷಣ ಮಾತ್ರ ಸ್ವಲ್ಪ ಕಟುವಾಯಿತು. ಇವರು ಸ್ನೇಹಿತರಲ್ಲದಿರಬಹುದು, ರಕ್ತಸಂಬಂಧಿಗಳಂತೂ ಹೌದು.

ರೂಪವಾಗಲಿ ರಕ್ತವಾಗಲಿ ಒಂದಲ್ಲದೆ ಅರ್ಥ ಮಾತ್ರ ಒಂದಾದ ಇಬ್ಬರು ಕರ್ನಾಟಕದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದಿನವೂ ಮುಖಾಮುಖಿಯಾಗುತ್ತಾರೆ. ತಂದೆಯೊಬ್ಬ ಮದುವೆ ಮಾಡಿ ಕೊಟ್ಟ ಮಗಳ ಹೆಸರಿಗೆ ನಿವೇಶನ ಬರೆದುಕೊಡಲು ಬಂದಿರುತ್ತಾನೆ. ಬಾಯಿಮಾತಿನಲ್ಲಿ ಅದು 'ಗಿಫ್ಟ್ ಡೀಡ್', ಪತ್ರದ ನೆತ್ತಿಯ ಮೇಲೆ 'ದಾನಪತ್ರ'. ವೈಕಿಂಗರ ಗಿಫ್ಟ್, ಡೋಸಿಸ್‌ನ ದಾಯಾದಿಯಾದ ದಾನ ಎರಡೂ ಒಂದೇ ಕಾಗದಕ್ಕೆ ಹೆಸರಾಗಿವೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ ಪ್ರಕಾರ ಕೊಟ್ಟರಷ್ಟೇ ಸಾಲದು, ಕೊಡುವವನು ಬದುಕಿರುವಾಗಲೇ ಪಡೆಯುವವರು ಒಪ್ಪಿಕೊಳ್ಳಬೇಕು. ಹಾಗಾಗಿ ತಂದೆ ಹೆಬ್ಬೆಟ್ಟು ಒತ್ತಿದ ಮೇಲೆ ಮಗಳೂ ಕುರ್ಚಿ ಎಳೆದುಕೊಂಡು, ಸ್ವೀಕರಿಸಿದ್ದೇನೆ ಎಂಬುದರ ಕೆಳಗೆ ರುಜು ಹಾಕುತ್ತಾಳೆ.